ಉಸರ ಕಟ್ಟಿದ ಡುಕ್ಕರ ಫಿಯಾಟ

"ಚಾವಿ ಕೊಡಂಗಿಲ್ರಿ ವೈನಿ," ಅಂದಾ ರಾವಸಾಹೇಬ. ಉಡದಾರಕ್ಕ ಕಟ್ಟಿದ್ದ ಚಾವಿ ಮ್ಯಾಲ ಎರಡೂ ಕೈ ಮುಚ್ಚಿಕೊಂಡ ನಿಂತಿದ್ದಾ.

"ನೀ ಏನೂ ಕೊಡಬ್ಯಾಡಪಾ. ನಾನ ಬಿಚ್ಚಿಕೊಳ್ತೀನಿ, ಬಾ ಈ ಕಡೆ."

ಅಂವಾ ಹೌಹಾರಿ ಹಿಂದ ಜಿಗದಾ. ಅರವತ್ತೆರಡ ವರ್ಷದ ಗಂಡಸ, ಕಬ್ಬಿನ ಧಣಿ, ಎಪ್ಪತ್ತೆಂಟರ ಮುದುಕಿಗೆ ಅಂಜಿ ಬೇವಿನ ಗಿಡಕ್ಕ ಬೆನ್ನ ಹಚ್ಚಿ ನಿಂತಾ. ನನ್ನ ಗಂಡಗ ಅಂವಾ ಒಡಹುಟ್ಟಿದ ತಮ್ಮ ಇದ್ದಂಗ. ಹಿಂಗಾಗಿ ಅವನ್ನ ಕಾಡಸಾಕ ನನಗ ಪೂರಾ ಹಕ್ಕ ಐತಿ. ಶೇಡಬಾಳದ ಮಂದಿಗೆಲ್ಲಾ ಇದು ಗೊತ್ತ.

ಗಿಡದ ನೆರಳಿನಾಗ ಅವರಪ್ಪನ ಕಾಲದ ಗಾಡಿ ನಿಂತಿತ್ತು. ಡುಬ್ಬ ಬೆನ್ನ, ದುಂಡ ಮೂತಿ. ಹಂದಿ ಹಂಗ ಕಾಣತೈತಿ ಅಂತ ಈ ಕಡೆ ಮಂದಿ ಅದಕ್ಕ ಡುಕ್ಕರ ಫಿಯಾಟ ಅಂತಾರ. ಅದರ ಬಾನೆಟ್ಟಿಗೆ ಎಮ್ಮಿ ಕಟ್ಟೋ ಸರಪಳಿ ಸುತ್ತಿ ಕೀಲಿ ಜಡದಿದ್ದಾ ರಾವಸಾಹೇಬ. ಗಾಡಿ ಏನ ಹಗ್ಗ ಹರಕೊಂಡ ಮೇಯಾಕ ಹೋಗ್ತಿತ್ತೇನ?

ಕಟ್ಟಿ ಮ್ಯಾಲ ಮಲ್ಲೇಶ ಕುಂತಿದ್ದಾ, ನನ್ನ ತಂಗಿ ಮಗಾ. ಬಸ್‌ಸ್ಟ್ಯಾಂಡ ಹತ್ರ ಗ್ಯಾರೇಜ ಇಟ್ಟಾನ. ಹದಿನೈದ ದಿನದ ಹಿಂದ ಅಂವಾ ಸರ್ವಿಸ ಮಾಡಿ ಕೊಟ್ಟಾಗ ಗಾಳಿ ಹಂಗ ಓಡಿದ್ದ ಗಾಡಿ, ಬುಧವಾರದಿಂದ ಪಿಕಪ್ಪ ಕಳಕೊಂಡ ಆಮಿ ಹಂಗ ತೆವಳಾಕತ್ತಿತ್ತು. ಮಲ್ಲೇಶ ಹಳೇ ಕಾರ್ಬೋರೇಟರ, ಅಂದ್ರ ಪೆಟ್ರೋಲಿಗೆ ಗಾಳಿ ಕಲಸೋ ಡಬ್ಬಿ, ಕದ್ದ ಮಾರಿ ಡುಪ್ಲಿಕೇಟ ಹಾಕ್ಯಾನ ಅಂತ ರಾವಸಾಹೇಬನ ತಲ್ಯಾಗ ಹುಳ ಹೊಕ್ಕಿತ್ತು.

"ಊಟ ಆಗೂ ತನಕ ಟಾಯಂ ಕೊಟ್ಟೇನ್ರಿ," ಅಂದಾ ರಾವಸಾಹೇಬ. "ಆಮ್ಯಾಲ ಸೀದಾ ಕಾಗವಾಡ ಠಾಣೆ. ಫಿರ್ಯಾದ ಬರಿಸಾಂವ್ನ."

ಮಲ್ಲೇಶ ತಲಿ ಎತ್ತಲಿಲ್ಲ. ಅವನ ಹೆಂಡ್ತಿ ಸೀಮಾಗ ಏಳ ತಿಂಗಳ. ಗಾಡಿ ಸಾಮಾನ ಕದ್ದಾಂವ ಅಂತ ಒಂದ ಸಲ ಹೆಸರ ಬಿತ್ತಂದ್ರ, ಅವನ ಗ್ಯಾರೇಜಿಗೆ ಸೈಕಲ್ ಪಂಚರ ಹಾಕ್ಸಾಕೂ ಯಾರೂ ಬರಂಗಿಲ್ಲ.

"ಯಾರ ಹೇಳಿದ್ರಪಾ ನಿನಗ, ಕಾರ್ಬೋರೇಟರ ಕದ್ದಾನ ಅಂತ?"

"ಬಾಳಾಸಾಬ. ಗಾಡಿ ಕಂಡಾಂವ್ರಿ ಅಂವಾ. ಮೊನ್ನೆ ಸೋಮವಾರ ನೋಡಾಕಂತ ಬಂದಿದ್ದಾ, ಬಾನೆಟ್ ತಗದ ತೋರ್ಸೇನಿ. ಗುರುವಾರ ಸಪ್ಪಳ ಕೇಳೇ ಹೇಳಿದಾ, ಡಬ್ಬಿ ಬದಲಾಗೇತಿ ಅಂತ. ಠಾಣೆ ಮಂದಿ ಬರೂತನಾ ಬಾನೆಟ್ ತಗೀಬ್ಯಾಡ, ಪುರಾವೆ ಹಾಳಾಗತೈತಿ ಅಂದಾ."

ಬಾಳಾಸಾಬ ಎದುರಿನ ದ್ರಾಕ್ಷಿ ಬಾಗದಾಂವ. ಐದ ವರ್ಷದಿಂದ ಈ ಗಾಡಿ ತನಗ ಕೊಡ ಅಂತ ಬೆನ್ನ ಹತ್ತ್ಯಾನ. ಗಾಡಿ ಕಂಡ್ರ ಅಂವಾ ಜೊಲ್ಲ ಸುರಿಸೂದಕ್ಕ ಕೃಷ್ಣಾ ಹೊಳಿಗೆ ಪೂರ ಬರೂದ ಬಾಕಿ.

"ಆತು," ಅಂದ್ನಿ. "ಬಾನೆಟ್ ಕಡೀಕ ತಗಿಯೋಣು. ಅಲ್ಲೀ ಮಟಾ ಹೊರಗಿಂದ ನಾಡಿ ಹಿಡೀತೀನಿ. ಮಲ್ಲೇಶ ಕದ್ದಿದ್ರ ನಾನ ಅವನ ಕಿವಿ ಹಿಡದ ಠಾಣೆಗೆ ಎಳಕೊಂಡ ಹೊಕ್ಕೀನಿ. ಕದ್ದಿಲ್ಲಂದ್ರ, ನೀ ಅವನ ಗ್ಯಾರೇಜಿನ ಮುಂದ ನಿಂತ ನಾಕ ಮಂದಿ ಎದುರ ತಪ್ಪಾತು ಅನಬೇಕ."

"ನಿಮಗೇನ ತಿಳೀತೈತ್ರಿ ಗಾಡಿ? ನೀವ ಕಲ್ತದ್ದ ಎರಡನೇತ್ತಾ."

"ಎರಡನೇತ್ತಾ ಸೈತ ಪಾಸಾಗಿಲ್ಲ ತಗೀ. ಆದ್ರ ನಿನ್ನ ಅಣ್ಣನ ಹಿಟ್ಟಿನ ಗಿರಣಿ ಇಂಜಿನ್ನ ಮೂವತ್ತ ವರ್ಷ ನಾ ಸಂಬಾಳಸೇನಿ. ಅದು ಚಾಲೂ ಆದ್ರ ಮಿರಜದಾಗ ಮಲಗಿದ್ದ ಕೂಸಗೋಳು ಎದ್ದ ಅಳತಿದ್ದೂ. ಹತ್ತ ಗಾಡಿ!"

ಹತ್ತಿದ್ವಿ. ರಾವಸಾಹೇಬ ಸ್ಟೇರಿಂಗಿಗೆ, ನಾ ಪಕ್ಕದಾಗ. ಗೇರ ಹಾಕಿ ಎಕ್ಸಲೇಟರ ತುಳದಾ. ಗಾಡಿ ಗೊರ್‌ರ್ ಅಂತು, ಕೆಮ್ಮಿತು, ಆಮ್ಯಾಲ ವಿಚಾರ ಮಾಡಿ ಮಾಡಿ ಹೊಂಟತು. ಮೊದಲ ಒಂದ ಕೋಳಿ ನಮ್ಮನ್ನ ದಾಟಿ ಹೋತು. ಆಮ್ಯಾಲ ಒಂದ ಆಡ. ಆಮ್ಯಾಲ ಬಡಿಗಿ ಊರಕೊಂತ ಹೊಂಟಿದ್ದ ಮುದುಕಾ ಒಬ್ಬ ನಮ್ಮನ್ನ ಮಾತಾಡ್ಸಿ, ಆರಾಮ ಕೇಳಿ, ಮುಂದ ಹೋಗಿಬಿಟ್ಟಾ.

"ನೋಡ್ರಿ!" ಅಂದಾ ರಾವಸಾಹೇಬ, ಅಳೂ ಧ್ವನಿಲೆ. "ಅಪ್ಪಾರು ಇದ್ರಾಗ ಕೊಲ್ಲಾಪುರಕ್ಕ ಒಂದ ತಾಸಿನಾಗ ಹೊಕ್ಕಿದ್ರು."

"ಕಾಲ ಪೂರಾ ಒತ್ತೀಯೇನ?"

"ಒತ್ತೇನ್ರಿ."

ನಾ ಬಗ್ಗಿ ಅವನ ಕಾಲ ಬುಡಕ ನೋಡಿದ್ನಿ. ಕೆಲವ ಗಾಡಿಯಾಗ ದಪ್ಪ ಜಮಖಾನಿ ಹಾಸಿರ್ತಾರ. ಪೆಡಲ ಅದಕ್ಕ ಬಡದ ಪೂರಾ ಕೆಳಗ ಹೋಗಂಗಿಲ್ಲ, ಗಾಡಿ ಓಡಂಗಿಲ್ಲ. ಇಲ್ಲೆ ಜಮಖಾನಿ ಇರಲಿಲ್ಲ. ಪೆಡಲ ತಗಡಿಗೆ ಹತ್ತಿತ್ತು. ಒಂದ ಸಂಶೇ ಹೋತು.

ಅಂಗಳಕ್ಕ ಬಂದ ಮ್ಯಾಲ ಗಾಡಿ ಬಂದ ಮಾಡ್ಸಿ, ನಾಕೂ ಗಾಲಿ ಮುಟ್ಟಿ ನೋಡಿದ್ನಿ. ಬ್ರೇಕ ಹಿಡಕೊಂಡಿದ್ರ ಗಾಲಿ ಹಂಚಿನಂಗ ಸುಡಬೇಕ. ತಣ್ಣಗಿದ್ದೂ. ಗೇರ ತಗದ ಒಂದ ಕೈಲೆ ದೂಡಿದ್ನಿ, ಸರಳ ಉಳ್ಳಿತು.

"ಬ್ರೇಕ ಅಲ್ಲ," ಅಂದ್ನಿ. "ಕ್ಲಚ್ಚೂ ಅಲ್ಲ. ಕ್ಲಚ್ ಹೋಗಿದ್ರ ಇಂಜಿನ್ ಒದರತೈತಿ, ಗಾಡಿ ಓಡಂಗಿಲ್ಲ. ಇಲ್ಲೆ ಇಂಜಿನ್ನೇ ಒದರವಲ್ದು."

"ಅದನ ನಾ ಹೇಳಾಕತ್ತೇನಿ, ಕಾರ್ಬೋರೇಟರ..."

"ಗಪ್ಪ ಕೂಡ."

ಹಿಂದ ಹೋಗಿ ಸೈಲೆನ್ಸರಿನ ತೂತಿನಾಗ ಬೆರಳ ಹಾಕಿ ತಿರವಿದ್ನಿ. ಹೊರಗ ಬಂತ ನೋಡ್ರಿ ಕಾಡಿಗಿ! ಶೇಡಬಾಳದ ಎಲ್ಲಾ ಕೂಸಗೋಳ ಹಣಿಗೆ ಹಚ್ಚಿದ್ರೂ ಹಾರೂಗೇರಿ ಮಟಾ ಹಂಚಬಹುದಾಗಿತ್ತು. ಪೆಟ್ರೋಲಿನ ವಾಸನಿ ಬ್ಯಾರೆ.

ಆವಾಗ ನನ್ನ ಎದ್ಯಾಗ ಒಂದ ದೀಪ ಹತ್ತಿತು. ಗಿರಣಿ ಇಂಜಿನ್ನ ಹಿಂಗ ಮಾಡ್ತಿತ್ತು. ಜ್ವಾಳದ ಹಿಟ್ಟ ಹಾರಿ ಹಾರಿ ಗಾಳಿ ಎಳಕೊಳ್ಳೋ ಜಾಳಗಿ ಮುಚ್ಚಿ ಹೋದ್ರ, ಇಂಜಿನ್ ಕರೆ ಹೊಗಿ ಉಗುಳಿ ಮುಲುಗತಿತ್ತು. ಮಂಗಳವಾರಕ್ಕೊಮ್ಮೆ ನಾ ಜಾಡಸ್ತಿದ್ನಿ.

"ರಾವಸಾಹೇಬಾ, ಗಾಡಿ ಹೊಟ್ಟಿತುಂಬ ಉಣ್ಣಾಕತ್ತೈತಿ. ಉಸರ ಎಳಿಯಾಕ ಬರವಲ್ದು. ಮೂಗ ಕಟ್ಟೈತಿ ಅದರದು. ತಗೀ ಚಾವಿ."

"ಏರ್ ಫಿಲ್ಟರ ಹೊಸಾದ ಐತಿ ದೊಡ್ಡವ್ವಾ," ಅಂದಾ ಮಲ್ಲೇಶ ಕಟ್ಟಿ ಮ್ಯಾಲಿಂದನ. ಮುಂಜಾನಿಂದ ಅವನ ಮೊದಲನೇ ಮಾತ ಅದು. "ನನ್ನ ಕೈಲೆ ನಾನ ಹಾಕೇನಿ. ಹದಿನೈದ ದಿನದಾಗ ಹೆಂಗ ಮುಚ್ಚತೈತಿ?"

"ನೀ ಅಲ್ಲೇ ಕೂಡ. ನೀ ಮುಟ್ಟಿದ್ರ, ಈಗ ಡಬ್ಬಿ ಬದಲ ಮಾಡಿದಾ ಅಂತಾನ ನಿಮ್ಮ ಧಣಿ."

ರಾವಸಾಹೇಬ ಸರಪಳಿ ಬಿಚ್ಚಿದಾ. ಬಾನೆಟ್ ಎತ್ತಿದಾ. ಕಾರ್ಬೋರೇಟರಿನ ತಲಿ ಮ್ಯಾಲ ದುಂಡ ತಗಡಿನ ಡಬ್ಬಿ, ಅದರಾಗ ಫಿಲ್ಟರ. ಅದನ್ನ ಎತ್ತಿದ್ರನ ಕೆಳಗಿಂದ ಕಾಣೂದು.

ಖರೆ ಹೇಳ್ತೀನಿ, ಬಾಯಿಲೆ ಎಷ್ಟ ಜಂಬ ಕೊಚ್ಚಿಕೊಂಡ್ರೂ ಆವಾಗ ನನ್ನ ಎದಿ ಗಿರಣಿ ಪಟ್ಟಾದಂಗ ಬಡಕೊಳ್ಳಾಕತ್ತಿತ್ತು. ಎಲ್ಲ್ಯಾರ ನಮ್ಮ ಹುಡುಗನ ಕೈ ಹೊಲಸಿದ್ರ? ಸೀಮಾನ ಮುಖ ಕಣ್ಣ ಮುಂದ ಬಂತು.

"ಅಪ್ಪಾರದ್ದ ಡಬ್ಬಿ ಇದ್ರ ಗುರ್ತ ಏನ?" ಕೇಳಿದ್ನಿ.

"ಎಡಕ ಮೊಳಿಲೆ ಕೊರದಿದ್ರು. ಮೂರ ಗೆರಿ, ನಡುವ ಒಂದ ಚುಕ್ಕಿ. ವಿಭೂತಿ ಹಚ್ಚಿದಂಗ."

ನಟ್ಟ ತಿರವಿದಾ. ಡಬ್ಬಿ ಎತ್ತಿದಾ. ಬಗ್ಗಿ ನೋಡಿದಾ.

ಎಷ್ಟ ಹೊತ್ತಾದ್ರೂ ಮ್ಯಾಲ ಏಳಲಿಲ್ಲ.

"ಏನಪಾ, ಒಳಗ ಬಿದ್ದಿಯೇನ?"

"ವೈನಿ," ಅಂದಾ. ಧ್ವನಿ ಬದಲಾಗಿತ್ತು. "ಮೂರ ಗೆರಿ. ಒಂದ ಚುಕ್ಕಿ."

ಕಟ್ಟಿ ಮ್ಯಾಲ ಮಲ್ಲೇಶ ಎರಡೂ ಅಂಗೈಲೆ ಮುಖ ಮುಚ್ಚಿಕೊಂಡಾ. ಭುಜ ಅಲಗಾಡಾಕತ್ತೂ. ನಾ ಅವನ ಕಡೆ ನೋಡಲಿಲ್ಲ, ನೋಡಿದ್ರ ನನ್ನೂ ಕಣ್ಣೀರ ಬರತಿದ್ದೂ. ಆಮ್ಯಾಲ ನನ್ನ ದೌಲತ್ತಿಗೆ ಏನ ಬೆಲಿ?

"ಹಂಗಾರ ಈ ಗಾಡಿಗೆ ಏನಾಗೇತಿ?" ಅಂತ ರಾವಸಾಹೇಬ ಕೈಯಾಗಿನ ಡಬ್ಬಿ ಮುಚ್ಚಳ ತಗದಾ.

ತಗದಾಂವ ಸೀನಿದಾ. ಒಂದಲ್ಲ, ಹದಿನಾಲ್ಕ ಸಲ. ಡಬ್ಬಿ ತುಂಬ ಹಳದಿ ಪುಡಿ! ಫಿಲ್ಟರಿನ ಮಡಿಕಿ ಒಂದೂ ಕಾಣವಲ್ದು. ಗಾಡಿ ಮದಲಗಿತ್ತಿ ಹಂಗ ಅರಿಷಿಣ ಹಚ್ಚಿಸ್ಕೊಂಡಿತ್ತು.

ಎಲಿ ಅಡಿಕಿ ಸಂಚಿ ಬಿಚ್ಚಿ ಸುಣ್ಣದ ಡಬ್ಬಿ ತಗದ್ನಿ. ಮ್ಯಾಲಿನ ಪುಡಿ ಒಂದ ಚಿಮಟಿ ಅಂಗೈ ಮ್ಯಾಲ ಹಾಕಿ, ಸುಣ್ಣ ಹಚ್ಚಿ ತಿಕ್ಕಿದ್ನಿ. ನೋಡ ನೋಡೂದ್ರಾಗ ಕೆಂಪಗ, ಕುಂಕುಮ ಹಂಗ ಆತು.

"ಅರಿಷಿಣ ಇದು. ಸುಣ್ಣ ಕೂಡಿದ್ರ ಕೆಂಪಗ ಆಗೂದು ಅರಿಷಿಣ ಒಂದ. ಅಂದ್ರ ಭಂಡಾರ. ದೇವರ ಮ್ಯಾಲ ಬೊಗಸಿಲೆ ಹಾರ್ಸೂ ಭಂಡಾರ, ರಾವಸಾಹೇಬಾ! ನಿನ್ನ ಗಾಡಿ ದೇವರಿಗೆ ಹೋಗಿ ಬಂದೈತಿ."

"ಆಗೂದ ಇಲ್ರಿ! ಗಾಡಿ ನಾ ಯಾರಿಗೂ ಕೊಡಂಗಿಲ್ಲ. ಮಂಗಳವಾರ ನಾ ಅಥಣಿಗೆ ಹೋದಾಗ ಗಾಡಿ ಇಲ್ಲೇ ಇತ್ತು."

"ಇತ್ತ ಅಂತ ಯಾರ ಹೇಳಿದ್ರು?"

"ನಮ್ಮ ಈಶ್ವರ."

ಪಡಸಾಲಿ ಬಾಗಲದಾಗ ಈಶ್ವರ ನಿಂತಿದ್ದಾ, ರಾವಸಾಹೇಬನ ಒಬ್ಬನ ಮಗಾ. ಒಳಗ ಸರಿಯಾಕ ಒಂದ ಕಾಲ ಎತ್ತಿದ್ದಾ.

"ಆ ಕಾಲ ಹಂಗ ಇಡ, ಕೊಕ್ಕರೆ," ಅಂದ್ನಿ. "ಬಾ ಇಲ್ಲೆ. ಬುಧವಾರ ಮುಂಜಾನೆ ಗಾಡಿ ತೊಳದೀಯಂತಲ್ಲ, ಓಣಿ ತುಂಬ ಅದ ಮಾತ?"

"ಧೂಳಾಗಿತ್ರಿ ಆಯಿ."

"ಹುಟ್ಟಿ ಇಪ್ಪತ್ತೆಂಟ ವರ್ಷಾತು, ಉಂಡ ತಾಟ ನೀ ತೊಳದಿದ್ದ ಯಾರೂ ಕಂಡಿಲ್ಲ. ಗಾಡಿ ತೊಳದಿ. ಗಾಲಿ ತೊಳದಿ. ಸೀಟ ವರಸಿದಿ. ಕನ್ನಡಿ ಸಂದ್ಯಾಗ ಕಡ್ಡಿ ಹಾಕಿ ತಗದಿ. ಆದ್ರ ಗಾಡಿಗೂ ಮೂಗ ಇರತೈತಿ ಅಂತ ನಿನಗ ಗೊತ್ತಾಗಲಿಲ್ಲ. ಎಲ್ಲಿಗೆ ಒಯ್ದಿದ್ದಿ?"

ಈಶ್ವರ ಅಪ್ಪನ ಮುಖ ನೋಡಿದಾ. ಆಮ್ಯಾಲ ಕಟ್ಟಿ ಮ್ಯಾಲಿನ ಮಲ್ಲೇಶನ್ನ ನೋಡಿದಾ. ಅಲ್ಲೇ ಅವನ ಬಾಯಿ ಬಿಚ್ಚಿತು.

"ದಿಗ್ಗೇವಾಡಿ ಹೊಳಿಗೆ. ಮಾಳಸಿದ್ದನ ಮನಿ ದೇವರನ್ನ ಅಮಾಸಿಗೆ ನೀರಿಗೆ ಒಯ್ಯೂದಿತ್ರಿ."

"ಮಾಳಸಿದ್ದ?" ರಾವಸಾಹೇಬ ಕೂಗಿದಾ. "ನನ್ನ ದ್ರಾಕ್ಷಿ ಬಾಗದಾಗ ಕುರಿ ಬಿಟ್ಟಾಂವ? ಮೂರ ವರ್ಷಾತು ಅವನ ಮುಖ ನೋಡಿಲ್ಲ ನಾ!"

"ಮಾಳಸಿದ್ದನ ಸಲುವಾಗಿ ಅಲ್ಲಪ್ಪಾ. ಮಲಕವ್ವಾಯಿ ಸಲುವಾಗಿ."

ಮಲಕವ್ವ ಮಾಳಸಿದ್ದನ ಆಯಿ. ತೊಂಬತ್ತ ದಾಟ್ಯಾಳ. ಅಕಿ ಮೈ ಮ್ಯಾಲ ನಿರಿಗಿ ನನಗಿಂತ ಜಾಸ್ತಿ, ಹಲ್ಲ ನನಗಿಂತ ಎರಡ ಕಡಿಮಿ.

"ನಡಿಯಾಕ ಬರಂಗಿಲ್ಲ ಅಕಿಗೆ," ಈಶ್ವರ ಅಂದಾ. "ಇನ್ನೊಮ್ಮೆ ದೇವರ ಸಂಗಾಟ ಹೊಳಿಗೆ ಹೋಗ್ಬೇಕ ಅಂತ ಅಳತಿದ್ಲು. ಟ್ರ್ಯಾಕ್ಟರದಾಗ ಕುಂಡ್ರಿಸಿದ್ರ ಎಲುಬ ಬಿಚ್ಚಿ ಬೀಳತಾವು. ಅದಕ್ಕ ಒಯ್ದನ್ರಿ. ತೊಡಿ ಮ್ಯಾಲ ದೇವರ ಇಟಗೊಂಡ ಕುಂತಿದ್ಲು. ಹೋಗೂವಾಗನ ತ್ರಾಸಾತು. ಹೊಳಿ ಕಡೆ ಏರಿನಾಗ ಗಾಡಿ ಹತ್ತಲಿಲ್ಲ, ಎಂಟ ಮಂದಿ ದೂಡಿದ್ರು. ದೇವರ ಭಾರ ಆಗ್ಯಾನ ಅಂದ್ಲು ಮಲಕವ್ವಾಯಿ. ದೇವರಿಗೆ ನೀರ ಹಾಕಿ ಮ್ಯಾಲ ಬಂದಮ್ಯಾಲ ಭಂಡಾರ ಹಾರ್ಸಿದ್ರು ನೋಡ್ರಿ. ಗಾಡಿ ಚಾಲೂನ ಇತ್ತು. ಮುಂದಿನ ಗಾಜಿನಾಗಿಂದ ದಾರಿ ಕಾಣದಂಗ ಆತು."

"ಮತ್ತ ಮಲ್ಲೇಶನ ಮ್ಯಾಲ ಕಳವು ಬಂದಾಗ ಯಾಕ ಬಾಯಿ ಮುಚ್ಚಿಕೊಂಡ ಕುಂತಿ?" ಅಂದ್ನಿ. ಈ ಸಲ ಚ್ಯಾಷ್ಟಿ ಇರಲಿಲ್ಲ ನನ್ನ ಮಾತಿನಾಗ.

"ಭಂಡಾರದಿಂದ ಗಾಡಿ ನಿಲ್ತೈತಿ ಅಂತ ಗೊತ್ತಿರಲಿಲ್ರಿ ಆಯಿ. ಖರೇನ ಅಂವಾ ಏನರ ಮಾಡಿರಬೇಕ ಅಂದ್ಕೊಂಡನಿ." ಅಂವಾ ಮಲ್ಲೇಶನ ಕಡೆ ತಿರಗಿದಾ. "ತಪ್ಪಾತೋ ಮಲ್ಲೇಶಾ."

ರಾವಸಾಹೇಬ ಹಲ್ಲ ಕಡಕೊಂತ ಮಗನ ಕಡೆ ಎರಡ ಹೆಜ್ಜಿ ಇಟ್ಟಾ. ನಾ ನಡುವ ನಿಂತ್ನಿ.

"ಹೊಡಿ, ಹೊಡಿ. ಆದ್ರ ಹೊಡಿಯೂ ಮೊದಲ ಒಂದ ಮಾತ. ನಿಮ್ಮವ್ವಗ ಎದಿ ಹಾಲ ಬಾರದಾಗ ಯಾರ ಆಡಿನ ಹಾಲ ಕುಡದ ಬೆಳದೀಯೋ ನೀ?"

ಅಂವಾ ನಿಂತಾ.

"ಮಲಕವ್ವನ ಆಡಿಂದು. ದಿನಾ ಎರಡ ಹೊತ್ತ ತಂಬಿಗಿ ತುಂಬ ತರತಿದ್ಲು. ಆ ಆಡ ಸತ್ತಾಗ ನೀ ಅತ್ತದ್ದ ಅತ್ತದ್ದು, ನಿಮ್ಮ ಬಾವಿ ತುಂಬಿ ಹೊರಗ ಹರೀತು."

ರಾವಸಾಹೇಬ ಎತ್ತಿದ ಕೈ ಇಳಿಸಿ ತಲಿ ತುರಿಸಿಕೊಂಡಾ. "ಬಾವಿ ಏನ ತುಂಬಿರಲಿಲ್ಲ ಬಿಡ್ರಿ," ಅಂದಾ. ಆಮ್ಯಾಲ "ನೀರ ಮುಟ್ಟಿದ್ಲೇನೋ, ಮಲಕವ್ವ?" ಅಂತ ಮಗನ್ನ ಕೇಳಿದಾ.

"ಸೆರಗ ತೋಯಿಸ್ಕೊಂಡ್ಲಪ್ಪಾ. ಬರೂವಾಗ ಹಾಡ ಅಂದಕೊಂತ ಬಂದ್ಲು."

"ಹೂಂ," ಅಂದಾ ರಾವಸಾಹೇಬ. ಅಷ್ಟ.

ಆಮ್ಯಾಲ ಕಟ್ಟಿ ಹತ್ರ ಹೋಗಿ ಮಲ್ಲೇಶನ ಮುಂದ ನಿಂತಾ. ಉಡದಾರದಿಂದ ಕೀಲಿ ಚಾವಿ ಬಿಚ್ಚಿ ಮಲ್ಲೇಶನ ಕೈಯಾಗಿಟ್ಟಾ.

"ತಪ್ಪಾತಪಾ ಮಲ್ಲೇಶಾ. ಗ್ಯಾರೇಜ ಮುಂದನೂ ಬಂದ ಅಂತೀನಿ."

"ಬ್ಯಾಡ್ರಿ ಧಣಿ..."

"ಬ್ಯಾಡ ಅನಬ್ಯಾಡ!" ಅಂದ್ನಿ ನಾ. "ಅಂವಾ ಬರಲಿ. ಮಂದಿ ಕಡಿಮಿ ಬಿದ್ರ ನಾ ಶಿರಗುಪ್ಪಿಯಿಂದ ಕರಕೊಂಡ ಬರ್ತೀನಿ."

ಬುಧವಾರದಿಂದ ಬಿಗದಕೊಂಡಿದ್ದ ಆ ಅಂಗಳದಾಗ ಈಗ ನಗಿ ಕೇಳಿತು. ಒಳಗಿಂದ ಚಾ ಬಂತು, ಸಂಗಾಟ ಶೇಂಗಾದ ಹೋಳಿಗಿ ಬಂತು. ಮಲ್ಲೇಶ ಸೀಮಾಗ ಫೋನ್ ಹಚ್ಚಿ, "ಊಟ ಮಾಡು, ಎಲ್ಲಾ ಬರೋಬರ ಆತು," ಅಂದಾ. ಆ ಕಡೆಯಿಂದ ಅಕಿ ಅತ್ತದ್ದ ನನಗ ಕೇಳಿಸಿತು. ಹಗರ ಆಗಿದ್ದ ಅಳು ಅದು, ಮಳಿ ಬಂದ ಹೋದ ಮ್ಯಾಲಿನ ಗಾಳಿಯಂಗ.

ಮಲ್ಲೇಶ ಫಿಲ್ಟರ ತಗದ ಕಲ್ಲಿಗೆ ಬಡದಾ. ಹಳದಿ ಮೋಡ ಎದ್ದತು. ಹೊಳ್ಳಿ ಹಾಕಿ, ರಾವಸಾಹೇಬನ್ನ ಕುಂಡ್ರಿಸಿಕೊಂಡ ಒಂದ ಸುತ್ತ ಹೊಡದ ಬಂದಾ. ಈ ಸಲ ಕೋಳಿ ಹಿಂದ ಉಳೀತು.

"ಓಡತೈತ್ರಿ ವೈನಿ!" ರಾವಸಾಹೇಬ ಮದಿವಿ ಗಂಡನಂಗ ಇಳದಾ.

ಮಲ್ಲೇಶ ಮಾತ್ರ ಬಾನೆಟ್ ಎತ್ತಿಕೊಂಡ ನಿಂತಾ. "ಪೂರಾ ಬಂದಿಲ್ಲ ದೊಡ್ಡವ್ವಾ. ಏರಿನಾಗ ಇನ್ನೂ ಕೆಮ್ಮತೈತಿ. ಫಿಲ್ಟರಿನಾಗ ಇನ್ನೇನೋ ಐತಿ, ಬಡದ್ರೂ ಬೀಳವಲ್ದು."

ಅಂವಾ ಫಿಲ್ಟರ ನನ್ನ ಉಡ್ಯಾಗ ಇಟ್ಟಾ. ನಾ ಮಡಿಕಿ ಬಿಡಿಸಿ ನೋಡಿದ್ನಿ. ಬುಡದಾಗ ಹಳದಿ ಗಟ್ಟಿಯಾಗಿ ಕುಂತಿತ್ತು. ಗಾಳಿ ಎಳದ ಪುಡಿ ಎಲ್ಲಾ ಕಡೆ ಒಂದ ಸಮ ಕುಂಡ್ರತೈತಿ. ಇದು ಹಂಗ ಇರಲಿಲ್ಲ. ಮಡಿಕಿ ಮಡಿಕಿಗೂ ಹೆಬ್ಬಟ್ಟಿಲೆ ಒತ್ತಿ ತುಂಬಿದ ಗುರ್ತ.

ಚಾ ಲೋಟಾ ಕೆಳಗಿಟ್ನಿ.

ಗಿರಣಿಯಾಗ ಜ್ವಾಳ ಬೀಸಿ ಮ್ಯಾಲ ಗೋಧಿ ಬೀಸಿದ್ರ, ಜಾಳಗಿ ಬುಡಕ ಜ್ವಾಳದ ಹಿಟ್ಟ, ಮ್ಯಾಲ ಗೋಧಿ ಹಿಟ್ಟ ಇರತೈತಿ. ಮೊದಲ ಬಂದದ್ದ ಬುಡಕ. ಅಂದ್ರ ಇದು ಭಂಡಾರಕ್ಕಿಂತ ಮೊದಲ ಬಂದೈತಿ.

ಈಶ್ವರನ ಮಾತ ನೆನಪಾತು. ಹೋಗೂವಾಗನ ಗಾಡಿ ಏರ ಹತ್ತಲಿಲ್ಲ. ಆವಾಗ ಇನ್ನೂ ಒಂದ ಚಿಮಟಿ ಭಂಡಾರನೂ ಹಾರಿರಲಿಲ್ಲ! ದೇವರ ಭಾರ ಆಗಿರಲಿಲ್ಲ, ಗಾಡಿ ಮೂಗ ಮೊದಲೇ ಯಾರೋ ಕಟ್ಟಿದ್ರು.

ಬುಡದ ಪುಡಿ ಉಗರಲೆ ಕೆರದ ಅಂಗೈ ಮ್ಯಾಲ ಹಾಕಿದ್ನಿ. ಸುಣ್ಣ ಹಚ್ಚಿ ತಿಕ್ಕಿದ್ನಿ. ಕಾದ್ನಿ. ಎಲ್ಲಾರೂ ನನ್ನ ಅಂಗೈ ಮ್ಯಾಲ ಬಗ್ಗಿದ್ರು.

ಕೆಂಪಾಗಲಿಲ್ಲ. ಹಳದಿ ಹಳದೀನ ಉಳೀತು.

ರಾವಸಾಹೇಬ ಒಂದ ಚಿಮಟಿ ತಗೊಂಡ ಬೆರಳಾಗ ಉಜ್ಜಿ ನೋಡಿದಾ. ಇಪ್ಪತ್ತ ವರ್ಷ ದ್ರಾಕ್ಷಿ ಬೆಳದ ಬೆರಳ ಅವು.

"ಗಂಧಕ," ಅಂದಾ, ಸಣ್ಣ ಧ್ವನಿಲೆ. "ದ್ರಾಕ್ಷಿಗೆ ಬೂದಿರೋಗ ಬಂದ್ರ ಹೊಡಿಯೂದು."

"ನಿನ್ನ ಮನ್ಯಾಗ ಐತೇನ?"

"ಎಲ್ಲೀದ್ರಿ? ಹ್ವಾದ ವರ್ಷನ ದ್ರಾಕ್ಷಿ ಕಿತ್ತ ಪೂರಾ ಕಬ್ಬ ಹಚ್ಚೇನಿ. ಉಳದಿದ್ದ ಒಂದ ಚೀಲಾ ಎದುರಿನ ಬಾಗದಾಂವಗ..."

ಅಂವಾ ಮಾತ ಅರ್ಧಕ್ಕ ನಿಲ್ಲಿಸಿದಾ. ನಾ ಮುಂದ ಕೇಳಲಿಲ್ಲ. ಸೋಮವಾರ ಬಾನೆಟ್ ತಗದ ತೋರ್ಸಿದ್ದ ಯಾರಿಗೆ? ಬಾನೆಟ್ ತಗೀಬ್ಯಾಡ ಅಂತ ಗುರುವಾರ ಹೇಳಿದ್ದ ಯಾರ?

"ಸೋಮವಾರ ಅವನ್ನ ಗಾಡಿ ಹತ್ರ ಒಬ್ಬನ್ನ ಬಿಟ್ಟಿದ್ದೇನ?" ಅಷ್ಟ ಕೇಳಿದ್ನಿ.

"ಚಾ ತರಾಕ ಒಳಗ ಹೋಗಿದ್ನಿ," ಅಂದಾ ರಾವಸಾಹೇಬ.

ಮಲ್ಲೇಶನ ಮುಖ ಹೊಳ್ಳಿ ಬಿಳುಪಾತು. ಬಾಳಾಸಾಬಗ ಗಾಡಿ ಮ್ಯಾಲ ಆಶಾ ಇತ್ತೋ, ಇಲ್ಲಾ ನಮ್ಮ ಹುಡುಗನ್ನ ಕಂಬಿ ಹಿಂದ ಹಾಕೂದನ ಬೇಕಾಗಿತ್ತೋ?

"ಏನ್ರಿ ರಾವಸಾಹೇಬ! ಠಾಣೆಗೆ ಹೋಗೂಣೇನ್ರಿ? ನಾ ಸಾಕ್ಷಿ ಹೇಳಾಕ ತಯಾರಾಗಿ ಬಂದೇನಿ!"

ತಿರಗಿ ನೋಡಿದ್ವಿ. ಗೇಟಿನಾಗ ಬಾಳಾಸಾಬ ನಿಂತಿದ್ದಾ, ಇಸ್ತ್ರಿ ಹಾಕಿದ ಬಿಳೆ ಅಂಗಿ, ನೆಹರೂ ಟೋಪಿ ಹಾಕ್ಕೊಂಡ. ನಗತಿದ್ದಾ. ಎಷ್ಟ ಹೊತ್ತಿನಿಂದ ನಿಂತಿದ್ನೋ, ಏನೇನ ನೋಡಿದ್ನೋ, ದೇವರಿಗೆ ಗೊತ್ತ.

ನಾನೂ ನಕ್ನಿ. ಇದ್ದ ಹಲ್ಲೆಲ್ಲಾ ತೋರ್ಸಿ ನಕ್ನಿ.

"ಬಾರಪಾ ಬಾಳಾಸಾಬಾ, ಬರೋಬರ ಟಾಯಮ್ಮಿಗೆ ಬಂದಿ," ಅಂದ್ನಿ, ಸುಣ್ಣದ ಡಬ್ಬಿ ಮುಚ್ಚಳಾ ತಗದ. "ಒಂದ ಎಲಿ ಹಾಕೋಣು. ಕೈ ಚಾಚ."

ಬಾಳಾಸಾಬ ಡಬ್ಬಿ ನೋಡಿದಾ. ನನ್ನ ಅಂಗೈಯಾಗ ಕೆಂಪಾಗದ ಉಳದಿದ್ದ ಗಂಧಕ ನೋಡಿದಾ.

ಎರಡೂ ಕೈ ಕಿಸೇದಾಗ ಹಾಕ್ಕೊಂಡಾ.